ದೋಣಿಯಲ್ಲೇ ಎಲೆಕ್ಟ್ರಿಕ್ ಔಟ್‌ಬೋರ್ಡ್ ಬ್ಯಾಟರಿ ಚಾರ್ಜ್ ಮಾಡುವುದು: ಗೋವಾದ ನದಿಗಳಲ್ಲಿ ಓಡಾಡುವವರಿಗೆ

"ದೋಣಿಯಲ್ಲಿ 12 ವೋಲ್ಟ್ ಬ್ಯಾಟರಿ ಇದೆ, ಇನ್ವರ್ಟರೂ ಇದೆ. ಅದರಿಂದಲೇ ಮೋಟರ್ ಬ್ಯಾಟರಿ ಚಾರ್ಜ್ ಮಾಡಿಕೊಳ್ಳಬಹುದಾ?" ಪಣಜಿ, ವಾಸ್ಕೋ, ಮಡಗಾಂವ್ ಕಡೆಯ ನಮ್ಮ ಕನ್ನಡದವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಇದು. ಮೋಟರ್ ಅಂದರೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಎಲೆಕ್ಟ್ರಿಕ್ ಔಟ್‌ಬೋರ್ಡ್. ಕೇಳುವವರು ಬೇರೆ ಬೇರೆ. ಒಬ್ಬರು ಚೋರಾವ್ ದ್ವೀಪದ ಕಾಂಡ್ಲಾ ಕಾಡಿನ ಕಡೆ ಹಕ್ಕಿ ನೋಡಲು ಹೋಗುವವರು. ಇನ್ನೊಬ್ಬರು ಕಾಯಾಕ್‌ನಲ್ಲಿ ಕೂತು ಗಾಳ ಹಾಕುವವರು. ಮತ್ತೊಬ್ಬರು ಹಾಯಿದೋಣಿಯನ್ನು ಮಾಂಡೋವಿ ನದಿಯಲ್ಲಿ ಲಂಗರು ಹಾಕಿ, ಡಿಂಗಿ ಅನ್ನುವ ಪುಟ್ಟ ದೋಣಿಯಲ್ಲಿ ದಡಕ್ಕೆ ಬರುವವರು. ಉತ್ತರ ಮಾತ್ರ ಒಂದೇ: ಮಾಡಬಹುದು. ಆದರೆ ಆ 12 ವೋಲ್ಟ್ ಬ್ಯಾಟರಿಯನ್ನು ಮತ್ತೆ ತುಂಬುವವರು ಯಾರು?

ಈ ಪ್ರಶ್ನೆಗೆ ನಿಮ್ಮ ಬಳಿ ಉತ್ತರ ಇದ್ದರೆ ಉಳಿದದ್ದೆಲ್ಲ ವೈರು, ಪ್ಲಗ್ಗು, ಸ್ವಲ್ಪ ಎಚ್ಚರಿಕೆ, ಅಷ್ಟೇ. ಉತ್ತರ ಇಲ್ಲದಿದ್ದರೆ ಎಷ್ಟು ದುಡ್ಡು ಸುರಿದರೂ ಒಂದು ದಿನ ನದಿ ಮಧ್ಯೆ ಹುಟ್ಟು ಹಾಕಬೇಕಾಗುತ್ತದೆ. ಕುಂಬಾರ್ಜುವಾ ಕಾಲುವೆಯಲ್ಲಿ ಹಾಗಾದರೆ ಕಷ್ಟ. ಅಲ್ಲಿ ಮೊಸಳೆಗಳಿವೆ, ಇಳಿದು ತಳ್ಳೋಣ ಅನ್ನುವ ಹಾಗಿಲ್ಲ.

ಮೊದಲು ಕೈಯಲ್ಲಿ ಇರಬೇಕಾದ್ದು: ಬ್ಯಾಟರಿ ಜೊತೆ ಬಂದ ಅಸಲಿ ಚಾರ್ಜರ್, ಒಂದು ಮಲ್ಟಿಮೀಟರ್, ಸರಿಯಾದ ಫ್ಯೂಸುಗಳು, ಬಾಟಲಿ ತುಂಬ ಸಿಹಿನೀರು, ಒಣ ಬಟ್ಟೆ. ಸಿಹಿನೀರು, ಬಟ್ಟೆ ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹಂತ 1: ಬ್ಯಾಟರಿ ಮೇಲಿನ ಚೀಟಿ ಓದಿ

ಚೀಟಿಯಲ್ಲಿ ಎರಡು ವಿಷಯ ಹುಡುಕಿ. ಬ್ಯಾಟರಿ ಯಾವ ಜಾತಿಯದು, ಅದರಲ್ಲಿ ಎಷ್ಟು ವ್ಯಾಟ್ ಅವರ್ ಹಿಡಿಸುತ್ತದೆ.

ವ್ಯಾಟ್ ಅವರ್ ಅಂದರೆ ಬ್ಯಾಟರಿಯ ಹೊಟ್ಟೆಯ ಅಳತೆ. ಚೀಟಿಯಲ್ಲಿ ಆಂಪಿಯರ್ ಅವರ್ ಮಾತ್ರ ಬರೆದಿದ್ದರೆ ಅದನ್ನು ವೋಲ್ಟ್‌ನಿಂದ ಗುಣಿಸಿ. 12.8 ವೋಲ್ಟ್, 100 ಆಂಪಿಯರ್ ಅವರ್ ಆದರೆ 1280 ವ್ಯಾಟ್ ಅವರ್. ಸುಮ್ನೆ ಆಂಪಿಯರ್ ಅವರ್ ನೋಡಿ ಎರಡು ಬ್ಯಾಟರಿ ಹೋಲಿಸಬೇಡಿ. ವೋಲ್ಟ್ ಬೇರೆ ಆದರೆ ಲೆಕ್ಕವೂ ಬೇರೆ.

ಜಾತಿಯಲ್ಲಿ ಮೂರು ಸಾಮಾನ್ಯ. ಟಾರ್ಕೀಡೋ, ಇ-ಪ್ರೊಪಲ್ಷನ್ ತರಹದ ಮೋಟರುಗಳ ಮೇಲೆ ಕೂರುವ ಡಬ್ಬಿಗಳಲ್ಲಿ ಲಿಥಿಯಂ ಅಯಾನ್ ಕೋಶಗಳಿರುತ್ತವೆ. ಟಾರ್ಕೀಡೋ ಟ್ರಾವೆಲ್ 1103ರ ಬ್ಯಾಟರಿ 915 ವ್ಯಾಟ್ ಅವರ್. ಇ-ಪ್ರೊಪಲ್ಷನ್ ಸ್ಪಿರಿಟ್ 1.0 ಪ್ಲಸ್‌ನದು 1276. ಇವುಗಳನ್ನು ಅವುಗಳದೇ ಚಾರ್ಜರ್‌ನಿಂದ ಮಾತ್ರ ತುಂಬಬೇಕು. ಎರಡನೆಯದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್. 12 ವೋಲ್ಟ್ ಟ್ರೋಲಿಂಗ್ ಮೋಟರ್, ಅಂದರೆ ನಿಧಾನವಾಗಿ ಸಾಗಲು ಬಳಸುವ ಸಣ್ಣ ಎಲೆಕ್ಟ್ರಿಕ್ ಮೋಟರ್ ಇಟ್ಟುಕೊಂಡವರು ಈಗ ಜಾಸ್ತಿ ಇದನ್ನೇ ಕೊಳ್ಳುತ್ತಾರೆ. ಇದರ ಚಾರ್ಜರ್ 14.4ರಿಂದ 14.6 ವೋಲ್ಟ್‌ನಲ್ಲಿ ನಿಲ್ಲಬೇಕು. ಮೂರನೆಯದು ನಮ್ಮ ಹಳೇ ಲೆಡ್ ಆಸಿಡ್.

ಇಲ್ಲೇ ಮೊದಲ ಎಡವಟ್ಟು ಆಗುವುದು. ಹಳೆಯ ಲೆಡ್ ಆಸಿಡ್ ಚಾರ್ಜರ್ ಮನೆಯಲ್ಲಿ ಬಿದ್ದಿರುತ್ತದೆ, "ಎರಡೂ 12 ವೋಲ್ಟ್ ತಾನೇ" ಅಂತ ಎಲ್‌ಎಫ್‌ಪಿಗೆ ಹಾಕಿಬಿಡುತ್ತಾರೆ. ಕೆಲವು ಲೆಡ್ ಆಸಿಡ್ ಚಾರ್ಜರುಗಳಲ್ಲಿ ಈಕ್ವಲೈಸ್ ಅನ್ನುವ ಹಂತ ಇರುತ್ತದೆ. ಆಗ ವೋಲ್ಟ್ 15 ದಾಟುತ್ತದೆ. ಒಳಗಿನ ಬಿಎಂಎಸ್ ಅಡ್ಡ ಬಂದು ಕಾಪಾಡಬಹುದು. ಬಿಎಂಎಸ್ ಅಂದರೆ ಪ್ರತಿ ಕೋಶವನ್ನೂ ಕಾಯುವ ಕಾವಲು ಸರ್ಕ್ಯೂಟ್. ಆದರೆ ಕಾವಲುಗಾರ ಇದ್ದಾನೆ ಅಂತ ಬಾಗಿಲು ತೆಗೆದಿಟ್ಟು ಮಲಗುತ್ತೀರಾ?

ಹಂತ 2: ಎಷ್ಟು ಬೇಕು ಅಂತ ಲೆಕ್ಕ ಹಾಕಿ

ಇದಕ್ಕೆ ಐದು ನಿಮಿಷ ಸಾಕು. ಹೆಚ್ಚಿನವರು ಬಿಡುವುದೂ ಇದನ್ನೇ.

915 ವ್ಯಾಟ್ ಅವರ್ ಬ್ಯಾಟರಿ ಶೇಕಡಾ 20ಕ್ಕೆ ಇಳಿದಿದೆ, 80ಕ್ಕೆ ತರಬೇಕು ಅಂತಿಟ್ಟುಕೊಳ್ಳಿ. ಬೇಕಾದ್ದು 60 ಭಾಗ, ಅಂದರೆ ಸುಮಾರು 550 ವ್ಯಾಟ್ ಅವರ್. ಇದನ್ನು ದೋಣಿಯ 12 ವೋಲ್ಟ್ ಬ್ಯಾಟರಿಯಿಂದ ಇನ್ವರ್ಟರ್ ಮೂಲಕ ತೆಗೆದರೆ ದಾರಿಯಲ್ಲಿ ಸೋರಿಕೆ ಇದೆ. 12 ವೋಲ್ಟ್ ಅನ್ನು 230 ಮಾಡುವಾಗ ಹತ್ತು ಭಾಗ, ಚಾರ್ಜರ್ ಅದನ್ನು ಮತ್ತೆ ಇಳಿಸುವಾಗ ಇನ್ನೊಂದು ಹತ್ತು ಭಾಗ ಬಿಸಿಯಾಗಿ ಹೋಗುತ್ತದೆ. ಒಟ್ಟು ನೂರಕ್ಕೆ ಎಂಬತ್ತು ಕೈಗೆ ಸಿಕ್ಕರೆ ಪುಣ್ಯ. 550 ಅನ್ನು 0.8ರಿಂದ ಭಾಗಿಸಿದರೆ ಹತ್ತಿರ ಹತ್ತಿರ 690 ವ್ಯಾಟ್ ಅವರ್. 12ರಿಂದ ಭಾಗಿಸಿದರೆ 57 ಆಂಪಿಯರ್ ಅವರ್.

ನಿಮ್ಮ ದೋಣಿಯಲ್ಲಿರುವುದು 100 ಆಂಪಿಯರ್ ಅವರ್ ಲೆಡ್ ಆಸಿಡ್ ಆದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತೆಗೆಯಬಾರದು, ಆಯಸ್ಸು ಕಡಿಮೆಯಾಗುತ್ತದೆ. ಅಂದರೆ ಒಂದೇ ಚಾರ್ಜಿಗೆ ನೀವು ಗಡಿ ದಾಟಿದಿರಿ. ರಾತ್ರಿ ದೀಪಕ್ಕೆ, ವಿಎಚ್‌ಎಫ್ ರೇಡಿಯೋಗೆ, ನೀರು ಎತ್ತುವ ಪಂಪಿಗೆ ಏನೂ ಉಳಿಯಲಿಲ್ಲ.

ದೊಡ್ಡ ಬ್ಯಾಟರಿಯಾದರೆ ಇನ್ನೂ ಮಜಾ. ಸ್ಪಿರಿಟ್‌ನ 1276 ವ್ಯಾಟ್ ಅವರ್, ಒಂದು 100 ಆಂಪಿಯರ್ ಅವರ್ ಎಲ್‌ಎಫ್‌ಪಿಯ 1280, ಎರಡೂ ಒಂದೇ ಅಳತೆಯ ಕೊಡಗಳು. ಒಂದನ್ನು ಪೂರ್ತಿ ಬಗ್ಗಿಸಿದರೂ ಇನ್ನೊಂದು ತುಂಬುವುದಿಲ್ಲ, ಐದರಲ್ಲಿ ಒಂದು ಪಾಲು ನೆಲಕ್ಕೆ ಚೆಲ್ಲಿರುತ್ತದೆ. ಖಾಲಿಯಿಂದ ಪೂರ್ತಿ ತುಂಬಬೇಕಾದರೆ ಸುಮಾರು 125 ಆಂಪಿಯರ್ ಅವರ್ ಎಲ್‌ಎಫ್‌ಪಿ ಬೇಕು. ಲೆಡ್ ಆಸಿಡ್ ಆದರೆ 260ಕ್ಕೂ ಮೇಲೆ.

ಈ ಲೆಕ್ಕ ನೋಡಿ ಹೆದರಿದವರಿಗೆ ಒಂದು ಮಾತು. ಚಾರ್ಜ್ ಮಾಡುವುದಕ್ಕಿಂತ ಉಳಿಸುವುದು ಅಗ್ಗ. ಸಣ್ಣ ದೋಣಿಗಳಲ್ಲಿ ವೇಗವನ್ನು ಕಾಲು ಭಾಗ ಇಳಿಸಿದರೆ ಬೇಕಾಗುವ ಶಕ್ತಿ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಉಬ್ಬರದ ಜೊತೆ ಒಳಗೆ ಹೋಗಿ ಇಳಿತದ ಜೊತೆ ವಾಪಸ್ ಬನ್ನಿ, ನದಿಯೇ ಅರ್ಧ ಕೆಲಸ ಮಾಡುತ್ತದೆ.

ಹಂತ 3: ಕರೆಂಟ್ ಎಲ್ಲಿಂದ ತರುತ್ತೀರಿ?

ಜೆಟ್ಟಿಯ ಪ್ಲಗ್. ಸಿಕ್ಕರೆ ಇದೇ ಒಳ್ಳೆಯದು. 230 ವೋಲ್ಟ್, ಮನೆಯ ಹಾಗೇ. ಆದರೆ ಸಾಕೆಟ್ ಕಂಡ ತಕ್ಷಣ ಪ್ಲಗ್ ಚುಚ್ಚಬೇಡಿ. ಅಲ್ಲಿ ಆರ್‌ಸಿಸಿಬಿ ಇದೆಯಾ ನೋಡಿ. ಕರೆಂಟ್ ಎಲ್ಲಾದರೂ ಸೋರಿದರೆ ಕ್ಷಣದಲ್ಲಿ ಲೈನ್ ಕಡಿಯುವ ಸ್ವಿಚ್ ಅದು. ಅದರ ಮೇಲೆ 30 ಮಿಲಿ ಆಂಪಿಯರ್ ಅಂತ ಇರಬೇಕು. ಟಿ ಬರೆದ ಗುಂಡಿ ಒತ್ತಿದರೆ ಟಪ್ ಅಂತ ಬೀಳಬೇಕು. ಬೀಳದಿದ್ದರೆ ಆ ಸಾಕೆಟ್ ಬೇಡ. ನಾನು ಅದೇ ಕೆಲಸ ಮಾಡುವ, ಪ್ಲಗ್ಗಿಗೆ ಸಿಕ್ಕಿಸುವ ಚಿಕ್ಕ ಆರ್‌ಸಿಡಿಯನ್ನು ಚೀಲದಲ್ಲೇ ಇಟ್ಟುಕೊಂಡಿರುತ್ತೇನೆ.

ಮಳೆಗಾಲದಲ್ಲಿ ಈ ವಿಷಯಕ್ಕೆ ಇನ್ನೂ ಬಿಗಿಯಾಗಿರಿ. ನಾವು ಮಹದಾಯಿ ಅನ್ನುವ ನದಿಯೇ ಇಲ್ಲಿ ಮಾಂಡೋವಿ. ಘಟ್ಟದ ನೀರು ಇಳಿದು ಬಂದಾಗ ಪಣಜಿ ಹತ್ತಿರವೂ ಮೇಲಿನ ನೀರು ಬಹುಪಾಲು ಸಿಹಿಯಾಗುತ್ತದೆ. ಉಪ್ಪು ನೀರು ಮನುಷ್ಯನ ಮೈಗಿಂತ ಚೆನ್ನಾಗಿ ಕರೆಂಟ್ ಒಯ್ಯುತ್ತದೆ, ಹಾಗಾಗಿ ಸೋರಿದ ಕರೆಂಟ್ ಬಹುಪಾಲು ಮೈಯನ್ನು ಬಿಟ್ಟು ನೀರಲ್ಲೇ ಹಾದು ಹೋಗುತ್ತದೆ. ಸಿಹಿನೀರಲ್ಲಿ ಉಲ್ಟಾ, ಮೈಯೇ ಸುಲಭದ ದಾರಿ. ಜೆಟ್ಟಿಗೆ ಪ್ಲಗ್ ಹಾಕಿದ ದೋಣಿಗಳ ಸುತ್ತ ಮಕ್ಕಳನ್ನು ಈಜಲು ಬಿಡಲೇಬೇಡಿ. ಯಾವ ಕಾಲದಲ್ಲೂ ಬೇಡ.

ಇನ್ನು ಉಬ್ಬರ ಇಳಿತ. ಇಲ್ಲಿ ಹುಣ್ಣಿಮೆ ಅಮಾವಾಸ್ಯೆಯ ಸಮಯದಲ್ಲಿ ನೀರು ಸುಮಾರು 2 ಮೀಟರ್ ಏರಿಳಿಯುತ್ತದೆ. ಪಾಂಟೂನ್, ಅಂದರೆ ನೀರ ಮೇಲೆ ತೇಲುವ ಕಟ್ಟೆ ಆದರೆ ತೊಂದರೆ ಇಲ್ಲ, ದೋಣಿ ಜೊತೆ ಅದೂ ಇಳಿಯುತ್ತದೆ. ಕಲ್ಲಿನ ಜೆಟ್ಟಿ ಇಳಿಯುವುದಿಲ್ಲ ಅಲ್ವಾ! ಒಮ್ಮೆ ನಾನು ಭರ್ತಿ ನೀರಿದ್ದಾಗ ಚಾರ್ಜಿಗೆ ಹಾಕಿ ಊಟಕ್ಕೆ ಹೋದೆ. ಮೂರು ಗಂಟೆ ಬಿಟ್ಟು ಬಂದರೆ ಕೇಬಲ್ ತಂತಿವಾದ್ಯದ ಹಾಗೆ ಬಿಗಿದಿತ್ತು. ಚಾರ್ಜರ್ ಡೆಕ್ಕಿನ ಅಂಚಿಗೆ ಬಂದು, ಒಂದು ಮೂಲೆ ಗಾಳಿಯಲ್ಲಿ ನೇತಾಡುತ್ತಿತ್ತು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ನೀರಿಗೆ ಬೀಳುತ್ತಿತ್ತು. ಈಗ ಕೇಬಲ್ಲನ್ನು ದೋಣಿಯ ಗೂಟಕ್ಕೆ ಒಂದು ಸುತ್ತು ಕಟ್ಟಿ, ಮೂರು ಮೀಟರ್ ಸಡಿಲ ಬಿಡುತ್ತೇನೆ. ಸಡಿಲ ಬಿಟ್ಟ ಕೇಬಲ್ ನೀರಿಗೆ ಮುಟ್ಟಬಾರದು, ಜೋಡಣೆಗಳಂತೂ ನೀರ ಹತ್ತಿರವೂ ಇರಬಾರದು.

ಇನ್ವರ್ಟರ್. ಪ್ಯೂರ್ ಸೈನ್ ವೇವ್ ಇರುವುದನ್ನೇ ಕೊಳ್ಳಿ. ಅಂದರೆ ಮನೆಯ ಕರೆಂಟ್ ಹಾಗೆ ನುಣುಪಾದ ಅಲೆ ಕೊಡುವಂಥದ್ದು. ಅಗ್ಗದ್ದರಲ್ಲಿ ಅಲೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ, ಚಾರ್ಜರ್ ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ. 180 ವ್ಯಾಟ್ ಚಾರ್ಜರಿಗೆ 300 ವ್ಯಾಟ್ ಇನ್ವರ್ಟರ್ ಸಾಕು. 2000 ವ್ಯಾಟಿನದು ಬೇಡ. ದೊಡ್ಡ ಇನ್ವರ್ಟರ್ ಸುಮ್ಮನೆ ಕೂತಿದ್ದರೂ ಕರೆಂಟ್ ತಿನ್ನುತ್ತಿರುತ್ತದೆ. ಮನೆಯ ಯುಪಿಎಸ್, ಅದರ ಟ್ಯೂಬುಲರ್ ಬ್ಯಾಟರಿ ಸಮೇತ ದೋಣಿಗೆ ಹೊತ್ತು ತರುವವರೂ ಇದ್ದಾರೆ. ದಯವಿಟ್ಟು ಬೇಡ. ದೋಣಿ ವಾಲಿದಾಗ ಆಸಿಡ್ ಚೆಲ್ಲುತ್ತದೆ, ಉಪ್ಪು ಗಾಳಿಗೆ ಯುಪಿಎಸ್‌ನ ಒಳಗೆಲ್ಲ ತುಕ್ಕು.

ಡಿಸಿ ಟು ಡಿಸಿ ಚಾರ್ಜರ್. 12 ವೋಲ್ಟ್‌ನಿಂದ ನೇರವಾಗಿ ಮೋಟರ್ ಬ್ಯಾಟರಿಯ ವೋಲ್ಟಿಗೆ ಏರಿಸುವ ಪೆಟ್ಟಿಗೆ. ನಡುವೆ 230 ವೋಲ್ಟ್ ಬರುವುದೇ ಇಲ್ಲ, ಸೋರಿಕೆ ಕಡಿಮೆ, ಶಾಕ್ ಭಯವೂ ಕಡಿಮೆ. ನಿಮ್ಮ ಮೋಟರ್ ಕಂಪನಿ ಇದನ್ನು ಮಾರುತ್ತಿದ್ದರೆ ಇನ್ವರ್ಟರ್ ಬಿಟ್ಟು ಇದನ್ನೇ ತೆಗೆದುಕೊಳ್ಳಿ ಅಂತ ನನ್ನ ಸಲಹೆ. ಸಿಕ್ಕಸಿಕ್ಕ ಬೂಸ್ಟ್ ಕನ್ವರ್ಟರ್ ತಂದು ವೋಲ್ಟ್ ತಿರುಗಿಸಿ ಹೊಂದಿಸುವ ಸಾಹಸ ಮಾತ್ರ ಬೇಡ.

ಸೋಲಾರ್. ಲಂಗರು ಹಾಕಿ ನಿಂತ ದೋಣಿಗೆ, "ಮತ್ತೆ ತುಂಬುವವರು ಯಾರು" ಅನ್ನುವ ಪ್ರಶ್ನೆಗೆ ನಿಜವಾದ ಉತ್ತರ ಇದು. ಆದರೆ ನಿರೀಕ್ಷೆ ಹಿಡಿತದಲ್ಲಿರಲಿ. ಡಿಸೆಂಬರಿನಿಂದ ಮೇ ತನಕ ಇಲ್ಲಿ ಬಿಸಿಲಿಗೆ ಬರ ಇಲ್ಲ. ಆದರೂ 100 ವ್ಯಾಟ್ ಪ್ಯಾನಲ್ ಡೆಕ್ಕಿನ ಮೇಲೆ ಮಲಗಿಸಿಟ್ಟರೆ ದಿನಕ್ಕೆ 350 ವ್ಯಾಟ್ ಅವರ್ ಅಂತ ಲೆಕ್ಕ ಇಟ್ಟುಕೊಳ್ಳಿ. ಬಿಸಿಯಾದಷ್ಟೂ ಪ್ಯಾನಲ್ ಸೋಮಾರಿಯಾಗುತ್ತದೆ. ಅದರ ಮೈ 60 ಡಿಗ್ರಿ ಮುಟ್ಟಿದರೆ ಹತ್ತರಿಂದ ಹದಿನೈದು ಭಾಗ ಕಡಿಮೆ ಕೊಡುತ್ತದೆ. ಕೆಳಗೆ ಗಾಳಿ ಆಡಲು ಎರಡು ಬೆರಳು ಜಾಗ ಬಿಡಿ. ನೆರಳು ಇನ್ನೂ ದೊಡ್ಡ ಶತ್ರು. ಹಾಯಿಕಂಬದ ಒಂದು ತೆಳು ನೆರಳು ಅಡ್ಡ ಬಿದ್ದರೆ ಪ್ಯಾನಲ್ಲಿನ ಒಂದು ದೊಡ್ಡ ಪಾಲು ಮಲಗಿಬಿಡುತ್ತದೆ.

ಪ್ಯಾನಲ್ಲನ್ನು ಬ್ಯಾಟರಿಗೆ ನೇರವಾಗಿ ಕಟ್ಟಬಾರದು. "12 ವೋಲ್ಟ್" ಪ್ಯಾನಲ್ ಯಾವುದಕ್ಕೂ ಜೋಡಿಸದೆ ಇದ್ದಾಗ 21, 22 ವೋಲ್ಟ್ ತೋರಿಸುತ್ತದೆ. ನಡುವೆ ಎಂಪಿಪಿಟಿ ಕಂಟ್ರೋಲರ್ ಬೇಕು, ಪ್ಯಾನಲ್ಲಿನಿಂದ ಗರಿಷ್ಠ ಹಿಂಡಿ ಬ್ಯಾಟರಿಗೆ ಸರಿಯಾದ ವೋಲ್ಟಿನಲ್ಲಿ ಕೊಡುವ ಸಾಧನ. ಕಂಟ್ರೋಲರಿಗೆ ಮೊದಲು ಬ್ಯಾಟರಿ ಜೋಡಿಸಿ, ಆಮೇಲೆ ಪ್ಯಾನಲ್. ಬಿಚ್ಚುವಾಗ ಮೊದಲು ಪ್ಯಾನಲ್. ಟಾರ್ಕೀಡೋ ಟ್ರಾವೆಲ್ ತರಹದ ಕೆಲವು ಬ್ಯಾಟರಿಗಳಿಗೆ ಕಂಪನಿಯದೇ ಮಡಚುವ ಪ್ಯಾನಲ್ ಇದೆ, ಅದನ್ನು ನೇರ ಸಿಕ್ಕಿಸಬಹುದು.

ಪೆಟ್ರೋಲ್ ಜನರೇಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸದ್ದಿಲ್ಲದ ಮೋಟರ್ ಕೊಂಡು ಅದರ ಪಕ್ಕ ಜನರೇಟರ್ ಓಡಿಸುವುದು ನನಗಂತೂ ಅರ್ಥವಾಗದ ಕೆಲಸ. ಇಟ್ಟುಕೊಂಡರೆ ಕ್ಯಾಬಿನ್ ಒಳಗೆ ಅಥವಾ ಅದರ ಬಾಗಿಲಲ್ಲಿ ಓಡಿಸಬೇಡಿ. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಹಂತ 4: ವೈರು ಮತ್ತು ಫ್ಯೂಸು

12 ವೋಲ್ಟ್‌ನಲ್ಲಿ ಆಂಪಿಯರ್ ಜಾಸ್ತಿ ಹರಿಯುತ್ತದೆ, ಇದು ಮನೆ ವೈರಿಂಗ್ ಮಾಡಿದವರಿಗೂ ಮರೆತುಹೋಗುತ್ತದೆ. 300 ವ್ಯಾಟ್ ಇನ್ವರ್ಟರ್ ಪೂರ್ತಿ ಓಡಿದರೆ ಸುಮಾರು 28 ಆಂಪಿಯರ್. ಬ್ಯಾಟರಿಯಿಂದ ಇನ್ವರ್ಟರಿಗೆ 2 ಮೀಟರ್ ದೂರ, ಹೋಗಿ ಬರಲು 4. ಮನೆಯ 2.5 ಚದರ ಮಿಲಿಮೀಟರ್ ವೈರ್ ಹಾಕಿದರೆ ಮುಕ್ಕಾಲು ವೋಲ್ಟ್ ದಾರಿಯಲ್ಲೇ ಮುಗಿಯುತ್ತದೆ. ಬ್ಯಾಟರಿ ಸರಿಯಾಗೇ ಇದ್ದರೂ ಇನ್ವರ್ಟರ್ ಲೋ ಬ್ಯಾಟರಿ ಅಂತ ಕಿರುಚಿ ಆಫ್ ಆಗುತ್ತದೆ. "ಬ್ಯಾಟರಿ ಹೋಯ್ತು" ಅಂತ ಹೊಸದು ಕೊಂಡವರನ್ನು ನೋಡಿದ್ದೇನೆ. 10 ಚದರ ಮಿಲಿಮೀಟರ್ ಹಾಕಿ.

ತವರ ಲೇಪಿಸಿದ ತಾಮ್ರದ ವೈರ್ ಸಿಕ್ಕರೆ ಅದನ್ನೇ ಹಾಕಿ. ಬರೀ ತಾಮ್ರ ಈ ಗಾಳಿಗೆ ಒಂದು ಮಳೆಗಾಲದಲ್ಲೇ ಒಳಗೊಳಗೆ ಕಪ್ಪಾಗುತ್ತದೆ. ಫ್ಯೂಸ್ ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ ಇರಬೇಕು. ಫ್ಯೂಸ್ ಕಾಯುವುದು ತನ್ನ ಮುಂದಿರುವ ವೈರನ್ನು. ಅದನ್ನು ಇನ್ವರ್ಟರ್ ಪಕ್ಕ ಹಾಕಿದರೆ ನಡುವಿನ ಎರಡು ಮೀಟರಿಗೆ ಕಾವಲಿಲ್ಲ.

ಹಂತ 5: ಬ್ಯಾಟರಿ ಎಲ್ಲಿಡಬೇಕು

ನೆರಳಲ್ಲಿ, ಗಾಳಿ ಆಡುವಲ್ಲಿ. ಲಿಥಿಯಂ ಬ್ಯಾಟರಿ 45 ಡಿಗ್ರಿ ದಾಟಿದಾಗ ಚಾರ್ಜ್ ಮಾಡಬಾರದು. ಏಪ್ರಿಲ್ ಮಧ್ಯಾಹ್ನ ಮುಚ್ಚಿದ ಲಾಕರಿನಲ್ಲಿ ಅಷ್ಟು ಬಿಸಿ ಆರಾಮಾಗಿ ಆಗುತ್ತದೆ. ಓಡಿಸಿ ಬಂದ ತಕ್ಷಣವೂ ಬೇಡ, ಅರ್ಧ ಗಂಟೆ ತಣಿಯಲಿ. ಲೆಡ್ ಆಸಿಡ್ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಶೇಕಡಾ 4 ಸೇರಿದರೆ ಒಂದು ಕಿಡಿ ಸಾಕು. ಮುಚ್ಚಳ ತೆಗೆದಿಡಿ, ಹತ್ತಿರ ಬೀಡಿ ಸಿಗರೇಟು ಬೇಡ.

ಹಂತ 6: ಪ್ಲಗ್ ಹಾಕುವ ಕ್ರಮ

ಮೊದಲು ಮೋಟರ್ ಆಫ್ ಮಾಡಿ, ಮ್ಯಾಗ್ನೆಟ್ ಕೀಲಿ ತೆಗೆದು ಜೇಬಿಗೆ ಹಾಕಿ. ಯಾರೋ ಥ್ರಾಟಲ್ ಮುಟ್ಟಿ ಪ್ರೊಪೆಲ್ಲರ್ ತಿರುಗಬಾರದು.

ಆಮೇಲೆ ಕನೆಕ್ಟರ್ ಒಳಗೆ ಇಣುಕಿ ನೋಡಿ. ಮೊಬೈಲ್ ಟಾರ್ಚ್ ಹಿಡಿಯಿರಿ. ಪಿನ್ನುಗಳು ಹಳದಿಯಾಗೋ ಬೆಳ್ಳಿಯಾಗೋ ಹೊಳೆಯಬೇಕು. ಬುಡದಲ್ಲಿ ಹಸಿರು ಕಿಲುಬು ಕಂಡರೆ, ಇಲ್ಲವೇ ಬಿಳಿ ಉಪ್ಪಿನ ಹುಡಿ ಕಂಡರೆ, ಪ್ಲಗ್ ಹಾಕಬೇಡಿ. ಉಪ್ಪು ಗಾಳಿಯ ತೇವ ಹೀರಿ ಒಂದು ಪಿನ್ನಿನಿಂದ ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ, ಅಲ್ಲಿ ನಿಧಾನವಾಗಿ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ. ಎಲ್ಲ ಕಡೆ ಸಂಪರ್ಕ ತೆಗೆದು, ಬಾಟಲಿಯ ಸಿಹಿನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒತ್ತಿ, ಪೂರ್ತಿ ಒಣಗಲು ಬಿಡಿ. ನೀರು ತಡೆಯುತ್ತದೆ ಅಂತ ಬರೆದ ಬ್ಯಾಟರಿಗಳು ಮುಚ್ಚಳ ಹಾಕಿದಾಗ ಮಾತ್ರ ನೀರು ತಡೆಯುತ್ತವೆ. ಚಾರ್ಜ್ ಮಾಡುವಾಗ ಮುಚ್ಚಳ ತೆಗೆದಿರುತ್ತದೆ. ಚಾರ್ಜರುಗಳಂತೂ ಬಹುಪಾಲು ನೀರು ತಡೆಯುವುದೇ ಇಲ್ಲ.

ಕೈಪಿಡಿಯಲ್ಲಿ ಬೇರೆ ಹೇಳಿಲ್ಲದಿದ್ದರೆ, ಮೊದಲು ಚಾರ್ಜರನ್ನು ಬ್ಯಾಟರಿಗೆ ಜೋಡಿಸಿ, ಆಮೇಲೆ 230 ವೋಲ್ಟ್ ಸ್ವಿಚ್ ಹಾಕಿ. ತೆಗೆಯುವಾಗ ಉಲ್ಟಾ. ಕೇಬಲ್ ಪ್ಲಗ್ಗಿಗೆ ಬರುವ ಮುಂಚೆ ಒಂದು ಕಡೆ ಜೋತು ಬಿದ್ದು ಮೇಲೇರಬೇಕು. ಆಗ ಕೇಬಲ್ ಮೇಲೆ ಹರಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ ಒಳಗೆ ಹೋಗುವುದಿಲ್ಲ.

ಹಂತ 7: ಚಾರ್ಜ್ ಆಗುವಾಗ

ಮೊದಲ ಹದಿನೈದು ನಿಮಿಷ ಅಲ್ಲೇ ಇರಿ. ಪ್ಲಗ್, ವೈರ್, ಫ್ಯೂಸ್ ಹಿಡಿಕೆಯ ಹೊರಮೈಯನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿ ಇದ್ದರೆ ನಿಲ್ಲಿಸಿ. ಇನ್ವರ್ಟರ್ ಮೇಲೆ ಹಾಕಿದ್ದರೆ ಮಲ್ಟಿಮೀಟರ್ ಹಿಡಿದು ದೋಣಿಯ ಲೆಡ್ ಆಸಿಡ್ ಬ್ಯಾಟರಿ ನೋಡುತ್ತಿರಿ. ಕರೆಂಟ್ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟಾಗ 12.1 ವೋಲ್ಟ್ ಬಂದರೆ ಅರ್ಧ ಮುಗಿದಿದೆ, ಸಾಕು.

ಸ್ಪಿರಿಟ್‌ನ ಸಾಮಾನ್ಯ ಚಾರ್ಜರಿಗೆ ಪೂರ್ತಿ ತುಂಬಲು ಎಂಟೂವರೆ ಗಂಟೆ ಬೇಕು. ರಾತ್ರಿ ಹಾಕಿ ಪಕ್ಕದ ಬಂಕಿನಲ್ಲಿ ಮಲಗೋಣ ಅನ್ನಿಸುವುದು ಸಹಜ. ಬೇಡ. ಬಿಸಿಲಿರುವಾಗ ಹಾಕಿ, ಎಚ್ಚರ ಇರುವಾಗ ಹಾಕಿ. ಬ್ಯಾಟರಿ ಉಬ್ಬಿದರೆ, ಸಿಹಿಯಾದ ರಾಸಾಯನಿಕ ವಾಸನೆ ಬಂದರೆ, ಹೊಗೆ ಕಂಡರೆ, ಕೈಗೆಟುಕಿದರೆ ಮಾತ್ರ ಸ್ವಿಚ್ ತೆಗೆದು, ಜನರನ್ನು ಮೊದಲು ದೋಣಿಯಿಂದ ಇಳಿಸಿ. ಮೋಟರಿನ ಬೆಲೆ ಆಮೇಲೆ ಯೋಚಿಸೋಣ.

ಹಂತ 8: ಜೂನ್ ಬಂದಾಗ

ಗೋವಾದಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಟ್ರಾಲರುಗಳು ಕಟ್ಟೆಗೆ ಬರುವ ಹೊತ್ತಿಗೆ ನಿಮ್ಮ ಬ್ಯಾಟರಿಯೂ ಮನೆಗೆ ಬರಲಿ. ಲಿಥಿಯಂ ಆದರೆ 50ರಿಂದ 60 ಭಾಗ ಇಟ್ಟು, ತಂಪಾದ ಒಣ ಜಾಗದಲ್ಲಿಡಿ. ಪೂರ್ತಿ ತುಂಬಿಸಿಟ್ಟರೆ ಬೇಗ ಮುದಿಯಾಗುತ್ತದೆ, ಪೂರ್ತಿ ಖಾಲಿ ಇಟ್ಟರೆ ಬಿಎಂಎಸ್ ನಿದ್ದೆಗೆ ಹೋಗಿ ಚಾರ್ಜರನ್ನೇ ಗುರುತಿಸುವುದಿಲ್ಲ. ಲೆಡ್ ಆಸಿಡ್ ಇದಕ್ಕೆ ಪೂರ್ತಿ ವಿರುದ್ಧ. ಅದನ್ನು ತುಂಬಿಸಿಯೇ ಇಡಬೇಕು, ತಿಂಗಳಿಗೊಮ್ಮೆ ಮತ್ತೆ ಚಾರ್ಜ್, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ ಸೇರಿಸಬೇಕು. ಖಾಲಿ ಇಟ್ಟರೆ ಒಳಗಿನ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಆಗಸ್ಟಿನಲ್ಲಿ ಚಾರ್ಜ್ ತೋರಿಸಿದರೂ ಹತ್ತು ನಿಮಿಷಕ್ಕೆ ಕೈ ಕೊಡುತ್ತದೆ.

ಮಳೆ ನಿಂತ ಮೇಲೆ ಮೊದಲ ಚಾರ್ಜ್ ಮನೆಯಲ್ಲೇ ಮಾಡಿ, ದೋಣಿಯಲ್ಲಿ ಬೇಡ. ಎರಡು ತಿಂಗಳು ಶೀತದಲ್ಲಿದ್ದ ಪ್ಲಗ್ಗು, ವೈರು ಎಲ್ಲ ಒಣನೆಲದ ಮೇಲೆ ಒಮ್ಮೆ ಪರೀಕ್ಷೆ ಆಗಲಿ. ದೋಣಿಯ ಫ್ಯೂಸ್ ಹಿಡಿಕೆ ಬಿಚ್ಚಿ ನೋಡಿ. ಅಲ್ಲಿ ಹಲ್ಲಿ ಮೊಟ್ಟೆ ಇಟ್ಟಿರುತ್ತದೆ, ಪ್ರತಿ ವರ್ಷ.